ಸಿಮೆಂಟ್ ಕೆಲಸ ತಾನೇ, ಅಪಾಯ ಏನೈತಿ?

ಪ್ರಶ್ನೆ: ಸರ್, ನಮ್ಮ ತಮ್ಮಗ ರಾಜಮಂಡ್ರಿ ಕಡೆ ಎಣ್ಣಿ ಬಾವಿಗೆ ಸಿಮೆಂಟ್ ಹಾಕೋ ಕೆಲಸ ಸಿಕ್ಕೈತ್ರಿ. ಅವ್ವ ಬ್ಯಾಡ ಅಂತಾಳ. ಸಿಮೆಂಟ್ ಕೆಲಸ ಮನಿ ಕಟ್ಟೋದ್ರಾಗೂ ಇರತೈತಿ, ಇದರಾಗ ಅಂಥಾ ಅಪಾಯ ಏನೈತ್ರಿ? (ಕುಷ್ಟಗಿಯ ಓದುಗರು)

ಉತ್ತರ: ಅವ್ವನ ಭಯಕ್ಕೆ ಕಾರಣವಿದೆ, ಆದರೆ ಅದು ಸಿಮೆಂಟಿನಲ್ಲಿಲ್ಲ, ಪ್ರೆಶರ್‌ನಲ್ಲಿದೆ.

ಬೋರ್‌ವೆಲ್‌ಗೆ ಕೇಸಿಂಗ್ ಇಳಿಸುವುದನ್ನು ನೋಡಿದ್ದೀರಲ್ಲ. ಎಣ್ಣೆ ಬಾವಿಗೂ ಇಳಿಸುತ್ತಾರೆ. ಆದರೆ ಕೇಸಿಂಗಿಗೂ ಬಂಡೆಗೂ ನಡುವಿನ ಸಂದಿಗೆ ಸಿಮೆಂಟ್ ತುಂಬದಿದ್ದರೆ ಗ್ಯಾಸ್ ಆ ಸಂದಿನಲ್ಲೇ ಮೇಲೇರುತ್ತದೆ. ಹಾಗಾಗಿ ಸಿಮೆಂಟ್ ಸ್ಲರಿಯನ್ನು, ಅಂದರೆ ನೀರಿನಲ್ಲಿ ಕಲಸಿದ ಸಿಮೆಂಟನ್ನು, ಪೈಪಿನೊಳಗಿಂದ ತಳಕ್ಕೆ ತಳ್ಳಿ, ಹೊರಮೈಯಿಂದ ಮೇಲಕ್ಕೆ ಹತ್ತಿಸುತ್ತಾರೆ. ಲಾರಿ ಟೈರಿನಲ್ಲಿರುವ ಗಾಳಿ ನೂರು ಚಿಲ್ಲರೆ ಪಿಎಸ್‌ಐ. ಇಲ್ಲಿಯ ಲೆಕ್ಕ ಸಾವಿರಗಳಲ್ಲಿ.

ಪಂಪಿನಿಂದ ಬಾವಿಯವರೆಗೆ ಹೋಗುವ ಉಕ್ಕಿನ ಪೈಪುಗಳನ್ನು ಹ್ಯಾಮರ್ ಯೂನಿಯನ್ ಎಂಬ ನಟ್ಟಿನ ಜೋಡಣೆ ಹಾಕಿ, ಸುತ್ತಿಗೆಯಿಂದ ಬಡಿದು ಬಿಗಿಯುತ್ತಾರೆ. ಎರಡಿಂಚಿನ ಯೂನಿಯನ್‌ಗಳಲ್ಲಿ 602 ಎಂಬುದು 6,000 ಪಿಎಸ್‌ಐಗೆ, 1502 ಎಂಬುದು 15,000ಕ್ಕೆ. ಹಾಳು ಕಬ್ಬಿಣ, ಒಂದರ ನಟ್ಟು ಇನ್ನೊಂದಕ್ಕೆ ಕೂತಂತೆಯೇ ಕಾಣುತ್ತದೆ! ಒಳಗೆ ಥ್ರೆಡ್ ಪೂರ್ತಿ ಕಚ್ಚಿರುವುದಿಲ್ಲ. ಪ್ರೆಶರ್ ಟೆಸ್ಟ್‌ನಲ್ಲೂ ತಡೆದುಕೊಂಡು, ಆಮೇಲೆ ಕೆಲಸದ ನಡುವೆ ಸಿಡಿದುಹೋಗಬಹುದು. ಅದಕ್ಕೇ ಮೈಮೇಲೆ ಕೆತ್ತಿರುವ ನಂಬರ್ ಓದದೆ ಜೋಡಿಸಬಾರದು. ಪಂಪ್ ಓಡುವಾಗ ಲೈನಿನ ಹತ್ತಿರ ಯಾರೂ ನಿಲ್ಲಬಾರದು. ಸೋರಿದರೆ ಸುತ್ತಿಗೆ ಹಿಡಿದು ಓಡುವುದಲ್ಲ. ಪಂಪ್ ನಿಲ್ಲಬೇಕು, ಪ್ರೆಶರ್ ಸೊನ್ನೆಗೆ ಇಳಿಯಬೇಕು, ಆಮೇಲೆ ಕೈ ಹಚ್ಚಬೇಕು.

ಪುಡಿ ಸಿಮೆಂಟ್ ಇರುವುದೂ ಗಾಳಿ ತುಂಬಿಸಿ ಖಾಲಿ ಮಾಡುವ ಟ್ಯಾಂಕಿನಲ್ಲೇ. ಕುಡಿತಿನಿ, ಶಕ್ತಿನಗರದಿಂದ ಹಾರುಬೂದಿ ಸಾಗಿಸುವ ಬಲ್ಕರ್ ಡ್ರೈವರ್‌ನನ್ನು ಕೇಳಿ, ಗಾಳಿ ಬಿಡದೆ ಮುಚ್ಚಳ ಬಿಚ್ಚಿದರೆ ಏನಾಗುತ್ತದೆಂದು ಹೇಳುತ್ತಾನೆ.

ಇನ್ನು ಧೂಳು. ತಳದಲ್ಲಿ ಕಾವು 110 ಡಿಗ್ರಿ ಸೆಲ್ಸಿಯಸ್ ದಾಟುವ ಬಾವಿಗಳಲ್ಲಿ ಸಿಮೆಂಟಿನ ತೂಕದ ಶೇ. 35–40ರಷ್ಟು ಸಿಲಿಕಾ ಪುಡಿ ಬೆರೆಸುತ್ತಾರೆ. ಕಲ್ಲು ಕ್ವಾರಿಯವರ ಎದೆ ತಿನ್ನುವ ಸಿಲಿಕೋಸಿಸ್ ಇದೇ ಪುಡಿಯಿಂದ ಬರುವಂಥದ್ದು. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಉಪಯೋಗವಿಲ್ಲ, ಮುಖಕ್ಕೆ ಅಂಟಿ ಕೂರುವ ಮಾಸ್ಕೇ ಬೇಕು.

ಹಸಿ ಸಿಮೆಂಟಿನ ಕ್ಷಾರ ಮೋಸಗಾರ. ಬೂಟಿನೊಳಗೆ ಸ್ಲರಿ ಇಳಿದರೆ ಆಗಲೇ ಉರಿಯುವುದಿಲ್ಲ. ಶಿಫ್ಟ್ ಮುಗಿಸಿ ಸಾಕ್ಸ್ ಎಳೆಯುವಾಗ ಚರ್ಮವೂ ಜೊತೆಗೆ ಬರುತ್ತದೆ. ಬಿದ್ದ ಕೂಡಲೇ ಬೂಟು ಬಿಚ್ಚಿ, ಇಪ್ಪತ್ತು ನಿಮಿಷ ಹರಿಯುವ ನೀರು ಬಿಡಬೇಕು. ಕಣ್ಣಿಗೆ ಬಿದ್ದರೂ ಅಷ್ಟೇ, ಆಮೇಲೆ ಸೀದಾ ಡಾಕ್ಟರ ಹತ್ತಿರ.

ಸಿಮೆಂಟ್ ಒಳಗೆ ಹೋದ ಮೇಲೂ ಕೆಲಸ ಮುಗಿಯಲಿಲ್ಲ, ಅದು ಗಟ್ಟಿಯಾಗುವವರೆಗೆ ಕಾಯಬೇಕು, ಹಿಡಿದಿದೆಯೇ ಎಂದು ಪರೀಕ್ಷಿಸಬೇಕು. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ರಿಗ್‌ನಲ್ಲಿ ತಳದ ಸಿಮೆಂಟ್ ಗ್ಯಾಸನ್ನು ತಡೆದಿರಲಿಲ್ಲ. ಪರೀಕ್ಷೆ ಅದನ್ನು ತೋರಿಸಿತ್ತು, ಓದಿದವರು ತಪ್ಪಾಗಿ ಓದಿದರು. ಹನ್ನೊಂದು ಜನ ಸತ್ತರು.

1952ರ ಗಣಿ ಕಾಯ್ದೆಯ ಕಾಲದಿಂದಲೂ ನಮ್ಮಲ್ಲಿ ಎಣ್ಣೆ ಬಾವಿಯೆಂದರೆ ಕಾನೂನಿಗೆ ಗಣಿಯೇ. ಸಂಡೂರಿನ ಅದಿರು ಗಣಿಗೆ ಸೇರುವವರಿಗೆ ಮೆಡಿಕಲ್, ತರಬೇತಿ ಇರುವ ಹಾಗೆ ನಿಮ್ಮ ತಮ್ಮನಿಗೂ ಇರಬೇಕು. ಇಲ್ಲವೆಂದರೆ ಅವ್ವನ ಮಾತೇ ಸರಿ.

ಇನ್ನೊಂದು ಮಾತು. ಪಂಪ್ ಹಚ್ಚುವ ಮುಂಚೆ ಎಲ್ಲರನ್ನೂ ನಿಲ್ಲಿಸಿ ಯಾರು ಎಲ್ಲಿರಬೇಕು ಎಂದು ಹೇಳುತ್ತಾರೆ. ಅಲ್ಲಿ ತೆಲುಗು, ಹಿಂದಿ ನಡೆಯುತ್ತದೆ. ರಾಯಚೂರಿನ ಹುಡುಗರು ಹೇಗೋ ಸಂಭಾಳಿಸುತ್ತಾರೆ, ಕುಷ್ಟಗಿಯವರಿಗೆ ಕಷ್ಟ. ತಿಳಿಯದಿದ್ದರೆ ತಲೆಯಾಡಿಸದೆ, "ಇನ್ನೊಮ್ಮೆ ಹೇಳ್ರಿ" ಅನ್ನಲಿ.