‘ರೂಡಿ’ ಅಂದರೆ ಯಾರು?

‘ಎ ಮೆಸೇಜ್ ಟು ಯು, ರೂಡಿ’ ಹಾಡು ಕೇಳಿದವರು ರೂಡಿ ಅನ್ನೋದು ಯಾರೋ ಒಬ್ಬ ಹುಡುಗನ ಹೆಸರು ಅಂದುಕೊಳ್ಳುತ್ತಾರೆ. ನಾನೂ ಬಹಳ ದಿನ ಹಾಗೇ ತಿಳಿದಿದ್ದೆ. ಅಲ್ಲ, ಅದು ‘ರೂಡ್ ಬಾಯ್’ ಅನ್ನೋ ಮಾತನ್ನೇ ಮೊಟಕು ಮಾಡಿ ಕರೆಯುವ ರೀತಿ. 1960ರ ದಶಕದಲ್ಲಿ ಜಮೈಕಾದ ಕಿಂಗ್‌ಸ್ಟನ್‌ನ ಬಡ ಕೇರಿಗಳಲ್ಲಿ ಕೈಯಲ್ಲಿ ಕೆಲಸ ಇಲ್ಲದಿದ್ದರೂ ಟ್ರಿಮ್ಮಾಗಿ ಸೂಟು, ಹ್ಯಾಟು ಹಾಕಿಕೊಂಡು, ಹೊಡೆದಾಟಕ್ಕೂ ಹಿಂಜರಿಯದೆ ತಿರುಗುತ್ತಿದ್ದ ಹುಡುಗರಿಗೆ ಬಿದ್ದ ಹೆಸರು ಅದು. ನಾವು ಪುಂಡ, ಪೋಕರಿ ಅಂತೀವಲ್ಲ, ಹೆಚ್ಚುಕಮ್ಮಿ ಹಾಗೆ. ಆದರೆ ಇದರಲ್ಲಿ ಗತ್ತೂ ಸೇರಿದೆ.

ಇವರಿಗೆ ಬುದ್ಧಿ ಹೇಳುವ ಹಾಡುಗಳು ಆಗ ಜಮೈಕಾದಲ್ಲಿ ಜಾಸ್ತಿ ಬಂದವು. ಬಾಬ್ ಮಾರ್ಲಿಯ ವೇಲರ್ಸ್ ತಂಡದ ಮೊದಲ ಹಿಟ್ ‘ಸಿಮ್ಮರ್ ಡೌನ್’ ಕೂಡ ಅಂಥದ್ದೇ. ಅದು ಸ್ಕಾ, ಅಂದರೆ ಜಮೈಕಾದ ಒಂದು ಸಂಗೀತ ಶೈಲಿ. ನೀವು ತಾಳ ತಟ್ಟುತ್ತಾ ಹೋದರೆ, ಎರಡು ತಟ್ಟುಗಳ ನಡುವಿನ ಖಾಲಿ ಜಾಗದಲ್ಲಿ ಗಿಟಾರ್ ‘ಚಕ್’ ಅನ್ನುತ್ತದೆ. ಆ ‘ಚಕ್’ ಕೇಳಿಸಿತು ಅಂದರೆ ಕಾಲು ಸುಮ್ನೆ ಇರಲ್ಲ.

ರೂಡಿಯ ಹಾಡನ್ನು 1967ರಲ್ಲಿ ಮೊದಲು ಹಾಡಿದ್ದು ಡ್ಯಾಂಡಿ ಲಿವಿಂಗ್‌ಸ್ಟನ್. ಕಿಂಗ್‌ಸ್ಟನ್‌ನಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದವರು. ಅಷ್ಟರಲ್ಲಿ ಸ್ಕಾದ ಓಟ ನಿಧಾನವಾಗಿ ರಾಕ್‌ಸ್ಟೆಡಿ ಅನ್ನೋ ಶೈಲಿ ಆಗಿತ್ತು, ಈ ಹಾಡೂ ಅದೇ ನಡಿಗೆಯದು. ಇಂಗ್ಲೆಂಡಿನ ಕೋವೆಂಟ್ರಿ ಊರಿನ ದಿ ಸ್ಪೆಷಲ್ಸ್ ತಂಡ 1979ರಲ್ಲಿ ಇದನ್ನು ಮತ್ತೆ ಹಾಡಿದಾಗ ಬ್ರಿಟನ್ನಿನ ಹಿಟ್ ಹಾಡುಗಳ ಪಟ್ಟಿಯಲ್ಲಿ ಹತ್ತನೇ ಸ್ಥಾನಕ್ಕೆ ಏರಿತು. ಕರಿಯರು, ಬಿಳಿಯರು ಒಟ್ಟಿಗೆ ನುಡಿಸುತ್ತಿದ್ದ ತಂಡ ಅದು.

ನನಗೆ ತುಂಬಾ ಇಷ್ಟವಾದ ವಿಷಯ ಇಲ್ಲಿದೆ. ಸ್ಪೆಷಲ್ಸ್ ಹಾಡಿನ ಶುರುವಿನಲ್ಲೇ ಒಂದು ಟ್ರಾಂಬೋನ್ ಬರುತ್ತದಲ್ಲ, ಕೇಳಿದ ತಕ್ಷಣ ಗುರುತು ಸಿಗುವಂಥದ್ದು, ಅದನ್ನು ಊದಿದ್ದು ರಿಕೋ ರಾಡ್ರಿಗಸ್. 1967ರ ಮೂಲ ಹಾಡಿನಲ್ಲಿ ಊದಿದ್ದೂ ಅವರೇ! ಕಿಂಗ್‌ಸ್ಟನ್‌ನ ಆಲ್ಫಾ ಬಾಯ್ಸ್ ಸ್ಕೂಲಿನಲ್ಲಿ ಕಲಿತು, 1961ರಲ್ಲಿ ಇಂಗ್ಲೆಂಡಿಗೆ ಬಂದಿದ್ದವರು. ಸ್ಪೆಷಲ್ಸ್ ಹುಡುಗರು ಹಳೇ ಹಾಡನ್ನಷ್ಟೇ ಎತ್ತಿಕೊಳ್ಳಲಿಲ್ಲ, ಅದನ್ನು ನುಡಿಸಿದವರನ್ನೇ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು.

1979ರಲ್ಲೇ ಇಂಗ್ಲೆಂಡಿನ ಮ್ಯಾಡ್‌ನೆಸ್ ತಂಡ ಜಮೈಕಾದ ಗಾಯಕ ಪ್ರಿನ್ಸ್ ಬಸ್ಟರ್ ಅವರ ‘ಒನ್ ಸ್ಟೆಪ್ ಬಿಯಾಂಡ್’ ನುಡಿಸಿತು. ತಂಡದ ಹೆಸರೂ ಬಸ್ಟರ್ ಅವರ ಹಾಡಿನದೇ. ಮೂಲ ಯಾರದು ಅಂತ ಹುಡುಕಿಕೊಂಡು ಹೋದ ಹೊಸ ಕೇಳುಗರಿಗೆ ಜಮೈಕಾದ ಹಳೇ ರೆಕಾರ್ಡುಗಳು ಸಿಕ್ಕಿದ್ದು ಹೀಗೆ.

ಸ್ಪೆಷಲ್ಸ್‌ನ ಜೆರ್ರಿ ಡ್ಯಾಮರ್ಸ್ ಶುರು ಮಾಡಿದ ಟು ಟೋನ್ ಕಂಪನಿಯ ರೆಕಾರ್ಡುಗಳ ಮೇಲೆ ಕಪ್ಪು ಸೂಟು, ಹ್ಯಾಟು, ಕಪ್ಪು ಕನ್ನಡಕದ ಒಬ್ಬ ಹುಡುಗ ನಿಂತಿರುತ್ತಾನೆ. ರೂಡಿ ಅಂದರೆ ಅವನೇ. ವೇಲರ್ಸ್ ತಂಡದ ಪೀಟರ್ ಟಾಷ್ ಅವರ ಹಳೇ ಫೋಟೋ ನೋಡಿ ಬರೆದ ಚಿತ್ರ ಅದು.