ಪದ ಪರಿಚಯ: ವಿಂಡೋ ಮ್ಯಾನೇಜರ್

ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಬೇಕು, ಏನು ಮಾಡಲಿ ಅಂತ ಗೊತ್ತಿದ್ದವರನ್ನು ಕೇಳಿ ನೋಡಿ. "ಹಗುರವಾದ ವಿಂಡೋ ಮ್ಯಾನೇಜರ್ ಹಾಕ್ಕೊಳ್ಳಿ" ಅನ್ನುತ್ತಾರೆ. ಹಗುರ ಅಂದರೆ ಅರ್ಥವಾಗುತ್ತದೆ. ಆದರೆ ಈ ವಿಂಡೋ ಮ್ಯಾನೇಜರ್ ಅಂದರೇನು? ನಾವು ಡೆಸ್ಕ್‌ಟಾಪ್ ಅನ್ನೋದೂ ಇದೂ ಒಂದೇನಾ?

ಒಂದು ವಸ್ತು ಏನು ಕೆಲಸ ಮಾಡುತ್ತದೆ ಅಂತ ತಿಳಿಯಬೇಕಾದರೆ ಅದನ್ನು ತೆಗೆದು ನೋಡಬೇಕು. ನನ್ನ ಹತ್ತಿರ 512 ಎಂಬಿ ರ‍್ಯಾಮ್ ಇರುವ ಹಳೇ ಪೆಂಟಿಯಂ 4 ಕಂಪ್ಯೂಟರ್ ಇದೆ. ಒಂದು ದಿನ ಅದರಲ್ಲಿ ವಿಂಡೋ ಮ್ಯಾನೇಜರ್ ಇಲ್ಲದೆ ಬರೀ ಎಕ್ಸ್ (ಪರದೆಯ ಮೇಲೆ ಚಿತ್ರ ಮೂಡಿಸುವ ವ್ಯವಸ್ಥೆ) ಶುರು ಮಾಡಿ, ಒಂದು ಟರ್ಮಿನಲ್, ಅಂದರೆ ಆದೇಶ ಟೈಪ್ ಮಾಡುವ ವಿಂಡೋ, ತೆರೆದೆ. ಪರದೆ ಪೂರ್ತಿ ಕಪ್ಪು. ಎಡಗಡೆ ಮೇಲಿನ ಮೂಲೆಗೆ ಅಂಟಿಕೊಂಡು ಒಂದು ಬಿಳಿ ಚೌಕ. ಅದಕ್ಕೆ ಮೇಲ್ಗಡೆ ಹೆಸರಿನ ಪಟ್ಟಿಯಿಲ್ಲ (ಟೈಟಲ್ ಬಾರ್), ಅಂಚಿಲ್ಲ, ಮುಚ್ಚುವ ಗುಂಡಿಯೂ ಇಲ್ಲ. ಮೌಸಿನಲ್ಲಿ ಹಿಡಿದು ಎಳೆದರೆ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮೌಸಿನ ಬಾಣ ಆ ಚೌಕದ ಮೇಲಿದ್ದರೆ ಟೈಪ್ ಮಾಡಿದ್ದು ಮೂಡುತ್ತಿತ್ತು, ಆಚೆ ಸರಿದರೆ ಇಲ್ಲ. ಇನ್ನೊಂದು ಟರ್ಮಿನಲ್ ತೆರೆದೆ. ಅದು ಸೀದಾ ಮೊದಲನೆಯದರ ಮೇಲೇ ಬಂದು ಕೂತಿತು. ಕೆಳಗಿನದನ್ನು ಮೇಲೆ ತರಲು ದಾರಿಯೇ ಇಲ್ಲ.

ಅಲ್ಲಿ ಏನೇನು ಇರಲಿಲ್ಲವೋ ಅದೆಲ್ಲ ವಿಂಡೋ ಮ್ಯಾನೇಜರ್ ಮಾಡುವ ಕೆಲಸ. ವಿಂಡೋಗೆ ಚೌಕಟ್ಟು ಹಾಕೋದು, ಎಲ್ಲಿ ತೆರೆಯಬೇಕು ಅಂತ ಜಾಗ ತೋರಿಸೋದು, ಸರಿಸೋದು, ಹಿಗ್ಗಿಸೋದು, ಯಾವುದು ಮೇಲೆ ಯಾವುದು ಕೆಳಗೆ ಅಂತ ನೋಡಿಕೊಳ್ಳೋದು. ವಿಂಡೋ ಒಳಗಿರುವ ಬರಹ, ಚಿತ್ರ ಅದಕ್ಕೆ ಸಂಬಂಧಿಸಿದ್ದಲ್ಲ. ಅದು ಆಯಾ ಪ್ರೋಗ್ರಾಮಿನ ಪಾಡು.

ಇದು ಹೀಗೆ ಬೇರೆಯಾಗಿ ಉಳಿದದ್ದಕ್ಕೆ ಕಾರಣ ಎಕ್ಸ್ ವಿಂಡೋ ಸಿಸ್ಟಮ್. ಇದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1984ರಲ್ಲಿ ಶುರುವಾಯಿತು. ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟಿಸ್ ಶುರು ಮಾಡಿದವರು. ಅದಕ್ಕೂ ಮುಂಚೆ ಡಬ್ಲ್ಯು ಅನ್ನುವ ವ್ಯವಸ್ಥೆ ಇತ್ತು, ಅದರ ಮುಂದಿನ ಅಕ್ಷರ ಎಕ್ಸ್. ನಾವು ಇವತ್ತಿಗೂ ಬಳಸುವ ಆವೃತ್ತಿ ಎಕ್ಸ್11 ಬಂದದ್ದು 1987ರಲ್ಲಿ. ಪರದೆಯ ಮೇಲೆ ಗೆರೆ, ಚೌಕ, ಅಕ್ಷರ ಬರೆಯುವ ಶಕ್ತಿ ಮಾತ್ರ ಎಕ್ಸ್ ಕೊಡಲಿ, ವಿಂಡೋ ಹೇಗೆ ಕಾಣಬೇಕು ಹೇಗೆ ನಡೆದುಕೊಳ್ಳಬೇಕು ಅನ್ನೋದನ್ನು ಬೇರೆ ಪ್ರೋಗ್ರಾಂ ನೋಡಿಕೊಳ್ಳಲಿ ಅಂತ ಅವರು ತೀರ್ಮಾನ ಮಾಡಿದರು. ನನ್ನ ಪಾಲಿಗೆ ಇದು ಬಹಳ ದೊಡ್ಡ ತೀರ್ಮಾನ. ಹಳೇ ಯಂತ್ರಗಳು ಇನ್ನೂ ಓಡುತ್ತಿರುವುದಕ್ಕೆ ಇದರ ಪಾಲು ಜಾಸ್ತಿ. ಭಾರವಾದ ಭಾಗವನ್ನು ಕಳಚಿ ಹಗುರವಾದದ್ದನ್ನು ಜೋಡಿಸಬಹುದು, ಪ್ರೋಗ್ರಾಮುಗಳಿಗೆ ಏನೂ ಆಗುವುದಿಲ್ಲ.

ಜನ ಹಾಗೇ ಮಾಡಿದರು. 1987ರಲ್ಲೇ ಟಾಮ್ ಲಾಸ್ಟ್ರೇಂಜ್ ಟಿಡಬ್ಲ್ಯುಎಂ ಅನ್ನುವ ವಿಂಡೋ ಮ್ಯಾನೇಜರ್ ಬರೆದರು. ಅದು ಮೆಮೊರಿ ಜಾಸ್ತಿ ತಿನ್ನುತ್ತದೆ ಅನ್ನಿಸಿ, ಅದನ್ನೇ ತಿದ್ದಿ 1993ರಲ್ಲಿ ರಾಬರ್ಟ್ ನೇಷನ್ ಎಫ್‌ವಿಡಬ್ಲ್ಯುಎಂ ಮಾಡಿದರು. ರ‍್ಯಾಮನ್ನು ಒಂದೊಂದು ಎಂಬಿಯಾಗಿ ಎಣಿಸುತ್ತಿದ್ದ ಕಾಲ ಅದು.

ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್ ಅನ್ನೋದು ಇದಕ್ಕಿಂತ ದೊಡ್ಡ ಸಂಸಾರ. 1996ರಲ್ಲಿ ಶುರುವಾದ ಕೆಡಿಇ, 1997ರ ಗ್ನೋಮ್ ಈ ಜಾತಿಯವು. ಪರದೆಯ ಕೆಳಗಡೆಯ ಪಟ್ಟಿ, ಮೆನು, ಫೈಲ್ ಮ್ಯಾನೇಜರ್, ಸೆಟ್ಟಿಂಗ್ಸ್ ಎಲ್ಲ ಒಟ್ಟಿಗೆ ಬರುತ್ತವೆ. ಅದರೊಳಗೂ ಒಂದು ವಿಂಡೋ ಮ್ಯಾನೇಜರ್ ಇದ್ದೇ ಇರುತ್ತದೆ. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಡಿಇ ಕೂಡ ಇಂಥವೇ, ಸಂಸಾರ ಸ್ವಲ್ಪ ಚಿಕ್ಕದು. ಓಪನ್‌ಬಾಕ್ಸ್, ಐಸ್‌ಡಬ್ಲ್ಯುಎಂ ಮಾತ್ರ ಬರೀ ವಿಂಡೋ ಮ್ಯಾನೇಜರ್‌ಗಳು.

ಹಾಗಾದರೆ ಭಾರ ಎಲ್ಲಿಂದ ಬರುತ್ತದೆ? ಇದೊಂದು ಸ್ವಲ್ಪ ನಿಧಾನವಾಗಿ ನೋಡೋಣ. ಹಳೇ ಪದ್ಧತಿಯಲ್ಲಿ ಎಕ್ಸ್ ಮುಚ್ಚಿಹೋದ ವಿಂಡೋದ ಚಿತ್ರವನ್ನು ಸಾಮಾನ್ಯವಾಗಿ ನೆನಪಿಟ್ಟುಕೊಳ್ಳುವುದಿಲ್ಲ. ಮೇಲಿನದು ಸರಿದ ಕೂಡಲೇ ಕೆಳಗಿನ ಪ್ರೋಗ್ರಾಮಿಗೆ "ನಿನ್ನ ಇಷ್ಟು ಭಾಗ ಬಯಲಾಯಿತು, ಮತ್ತೆ ಬರೆ" ಅಂತ ಸುದ್ದಿ ಕಳಿಸುತ್ತದೆ. ಅದು ಬರೆಯುತ್ತದೆ. ಮೆಮೊರಿ ಉಳಿಯುತ್ತದೆ. ಆದರೆ ಪ್ರೊಸೆಸರ್ ನಿಧಾನವಾಗಿದ್ದರೆ ಬರೆಯೋದು ತಡವಾಗುತ್ತದೆ. ಹಳೇ ಪಿಸಿಯಲ್ಲಿ ವಿಂಡೋ ಎಳೆದಾಗ ಹಿಂದೆ ಬಾಲದಂತೆ ಕಲೆ ಉಳಿಯುವುದನ್ನು ನೋಡಿದ್ದೀರಲ್ವಾ? ಅದು ಇದೇ. ಅದಕ್ಕೇ ಹಳೇ ವಿಂಡೋ ಮ್ಯಾನೇಜರ್‌ಗಳು ಎಳೆಯುವಾಗ ಬರೀ ಗೆರೆಯ ಚೌಕಟ್ಟನ್ನು ತೋರಿಸುತ್ತಿದ್ದವು. ಕೈ ಬಿಟ್ಟ ಮೇಲೆ ವಿಂಡೋ ಅಲ್ಲಿಗೆ ಬರುತ್ತಿತ್ತು.

ಹೊಸ ಪದ್ಧತಿಗೆ ಕಾಂಪೋಸಿಟಿಂಗ್ ಅಂತ ಹೆಸರು. ಇದರಲ್ಲಿ ಪ್ರತಿ ವಿಂಡೋದ ಪೂರ್ತಿ ಚಿತ್ರ ಬೇರೆ ಬೇರೆ ಮೆಮೊರಿಯಲ್ಲಿ ಇರುತ್ತದೆ, ಆಮೇಲೆ ಎಲ್ಲ ಸೇರಿಸಿ ಪರದೆ ಕಟ್ಟುತ್ತಾರೆ. ನೆರಳು, ಪಾರದರ್ಶಕತೆ ಎಲ್ಲ ಇದರಿಂದಲೇ. 1024×768 ಪರದೆಯಲ್ಲಿ ಒಂದು ಚುಕ್ಕೆಗೆ 4 ಬೈಟ್ ಅಂದರೆ ಪೂರ್ತಿ ಪರದೆಯ ಒಂದು ವಿಂಡೋಗೆ 3 ಎಂಬಿ. ಅಂಥವು ಹತ್ತಾದರೆ 30 ಎಂಬಿ. ಇವತ್ತಿನ ಯಂತ್ರಕ್ಕೆ ಇದು ಲೆಕ್ಕಕ್ಕೇ ಇಲ್ಲ. 512 ಎಂಬಿಯಲ್ಲಿ ಲೆಕ್ಕವಿದೆ. ಗ್ರಾಫಿಕ್ಸ್ ಕಾರ್ಡಿನ ಸಹಾಯ ಇಲ್ಲದಿದ್ದರೆ ಸೇರಿಸುವ ಕೆಲಸವೂ ಪ್ರೊಸೆಸರಿನ ತಲೆಗೇ ಬೀಳುತ್ತದೆ. ಎಕ್ಸ್‌ಎಫ್‌ಸಿಇ ಬಳಸುತ್ತಿದ್ದರೆ ಸೆಟ್ಟಿಂಗ್ಸಿನ "ವಿಂಡೋ ಮ್ಯಾನೇಜರ್ ಟ್ವೀಕ್ಸ್"ನಲ್ಲಿ ಕಾಂಪೋಸಿಟಿಂಗ್ ಆಫ್ ಮಾಡಿ ನೋಡಿ. ಹಳೇ ಯಂತ್ರಕ್ಕೆ ನಾನು ಮೊದಲು ಮಾಡುವ ಕೆಲಸ ಅದು. ಎಕ್ಸ್ ಜಾಗಕ್ಕೆ ಈಗ ಬರುತ್ತಿರುವ ವೇಲ್ಯಾಂಡ್‌ನಲ್ಲಂತೂ ಕಾಂಪೋಸಿಟರ್ರೇ ವಿಂಡೋ ಮ್ಯಾನೇಜರ್, ಎರಡನ್ನೂ ಬಿಡಿಸೋಕಾಗಲ್ಲ.

ಒಂದು ಮಾತು ಹೇಳಲೇಬೇಕು. ವಿಂಡೋ ಮ್ಯಾನೇಜರ್ ಬದಲಿಸಿದರೆ ಬ್ರೌಸರ್ ಹಗುರವಾಗುವುದಿಲ್ಲ. ನಾಲ್ಕು ಟ್ಯಾಬ್ ತೆರೆದರೆ ಉಳಿಸಿದ ಮೆಮೊರಿಯೆಲ್ಲ ಅಲ್ಲೇ ಖರ್ಚು. ಬರೆಯೋದು, ಹಾಡು ಕೇಳೋದು, ಲೆಕ್ಕ ಇಡೋದು ಇಂಥದ್ದಕ್ಕೆ ಆ ಯಂತ್ರ ಚೆನ್ನಾಗಿ ಒದಗುತ್ತದೆ.

ನಮ್ಮಂಥವರು ಆರಿಸುವಾಗ ನೋಡಬೇಕಾದದ್ದು ಇನ್ನೊಂದಿದೆ: ಹೆಸರಿನ ಪಟ್ಟಿಯಲ್ಲಿ ಕನ್ನಡ ಸರಿಯಾಗಿ ಬರುತ್ತದಾ ಅಂತ. ಆ ಪಟ್ಟಿಯನ್ನು ಬರೆಯುವುದು ವಿಂಡೋ ಮ್ಯಾನೇಜರೇ ಅಲ್ವಾ? ಎಕ್ಸ್ ಜೊತೆ ಬರುವ ಹಳೇ ಬಿಟ್‌ಮ್ಯಾಪ್ ಫಾಂಟುಗಳಲ್ಲಿ ಕನ್ನಡ ಇಲ್ಲ. ಕೆಲವು ವಿಂಡೋ ಮ್ಯಾನೇಜರ್‌ಗಳು ಹೊಸ ಫಾಂಟ್ ತೆಗೆದುಕೊಳ್ಳುತ್ತವೆ, ಆದರೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಓಪನ್‌ಬಾಕ್ಸ್ ಪ್ಯಾಂಗೋ ಅನ್ನುವ, ಅಕ್ಷರ ಜೋಡಿಸಿಕೊಡುವ ಸಾಫ್ಟ್‌ವೇರ್ ಲೈಬ್ರರಿ ಬಳಸುತ್ತದೆ, ಅದಕ್ಕೆ ಒತ್ತಕ್ಷರ ಗೊತ್ತು. ಯಾವುದೇ ಹೊಸ ವಿಂಡೋ ಮ್ಯಾನೇಜರ್ ಹಾಕಿದರೂ ನಾನು "ಅಕ್ಕನ ಪತ್ರ" ಅಂತ ಒಂದು ಫೈಲ್ ಮಾಡಿ ತೆರೆಯುತ್ತೇನೆ. ಅದು "ಅಕ್‌ಕನ ಪತ್‌ರ" ಅಂತ ಬಿಡಿಬಿಡಿಯಾಗಿ ಬಂದರೆ, ಎಷ್ಟೇ ಹಗುರವಾಗಿದ್ದರೂ ಅದನ್ನು ತೆಗೆದು ಓಪನ್‌ಬಾಕ್ಸ್‌ಗೇ ವಾಪಸ್ ಹೋಗುತ್ತೇನೆ.