ಕಾಗದದಲ್ಲಿ 22, ಕೈಗೆ ಸಿಗೋದು 14: ತಪ್ಪು ಘಾಟಿಯದ್ದೇ?

ಓದುಗರ ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿ ಪೇಟೆಯಿಂದ ಮೂರು ಕಿಲೋಮೀಟರ್ ಒಳಗೆ, ತೋಟದ ಪಕ್ಕ. ಪೆಟ್ರೋಲ್ ಕಾರು ತಗೊಂಡು ಎರಡು ವರ್ಷ ಆಯ್ತು. ಕಂಪನಿಯವರು ಲೀಟರಿಗೆ 22 ಅಂತಾರೆ, ನನಗೆ 14 ಸಿಕ್ಕರೆ ಅದೇ ಹಬ್ಬ. ದಿನಾ ಮಕ್ಕಳನ್ನು ಶಾಲೆಗೆ ಬಿಡೋದು, ವಾರಕ್ಕೊಮ್ಮೆ ಶಿವಮೊಗ್ಗ, ತಿಂಗಳಿಗೊಮ್ಮೆ ಆಗುಂಬೆ ಇಳಿದು ಉಡುಪಿ. ‘ಘಾಟಿ ಸೀಮೆಯಲ್ಲಿ ಮೈಲೇಜ್ ಇಷ್ಟೇ’ ಅಂತ ಎಲ್ಲರೂ ಸಮಾಧಾನ ಹೇಳ್ತಾರೆ. ಹೌದಾ? ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಏನಾದರೂ ಉಳಿಯುತ್ತಾ?

ಉತ್ತರ: ಘಾಟಿಯದ್ದೂ ಪಾಲಿದೆ, ಆದರೆ ಜನ ಹೊರಿಸುವಷ್ಟಿಲ್ಲ. ನಿಮ್ಮ ಪೆಟ್ರೋಲ್ ಹೆಚ್ಚು ಕುಡಿಯುತ್ತಿರುವುದು ಆಗುಂಬೆಯಲ್ಲ, ಮನೆಯಿಂದ ಶಾಲೆಗಿರುವ ಆ ಮೂರು ಕಿಲೋಮೀಟರ್.

ಮೊದಲು ಆ 22 ಎಲ್ಲಿಂದ ಬಂತು ನೋಡೋಣ. ಅದು ರಸ್ತೆಯಲ್ಲಿ ಅಳೆದದ್ದೇ ಅಲ್ಲ. ಪುಣೆಯ ಎಆರ್‌ಎಐಯಂಥ ಪರೀಕ್ಷಾ ಸಂಸ್ಥೆಯಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ನಿಗದಿಪಡಿಸಿದ ಒಂದು ಪಟ್ಟಿಯ ಪ್ರಕಾರ ಓಡಿಸುತ್ತಾರೆ. ಸುಮಾರು 20 ನಿಮಿಷ, 11 ಕಿಲೋಮೀಟರಿಗೂ ಸ್ವಲ್ಪ ಕಮ್ಮಿ ದೂರ, ಗರಿಷ್ಠ ವೇಗ 90, ಸರಾಸರಿ 32ರ ಆಸುಪಾಸು. ಏಸಿ ಬಂದ್. ಏರಿಲ್ಲ, ಮಳೆಯಿಲ್ಲ, ಹಿಂದಿನ ಸೀಟಿನಲ್ಲಿ ಅತ್ತೆ-ಮಾವ ಇಲ್ಲ, ಅಡ್ಡ ಬರುವ ದನ ಇಲ್ಲ. ಎರಡು ಬೇರೆ ಕಾರುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ಆ ಅಂಕಿ ಉಪಯೋಗಕ್ಕೆ ಬರುತ್ತದೆ. ನಿಮ್ಮ ಮನೆ ಅಂಗಳಕ್ಕೆ ಅದನ್ನು ತಂದರೆ ಜಗಳ ಬಿಟ್ಟು ಮತ್ತೇನೂ ಹುಟ್ಟುವುದಿಲ್ಲ. ನಮ್ಮ ಕಡೆಯ ರಸ್ತೆಗಳಲ್ಲಿ 22ರ ಕಾರು 16-17 ಕೊಟ್ಟರೆ ಅದು ಒಳ್ಳೆಯ ಕಾರು ಅಂತಲೇ ನನ್ನ ಲೆಕ್ಕ. ನಿಮ್ಮ 14ರಲ್ಲಿ ಆ ಉಳಿದ ಎರಡು-ಮೂರು ಎಲ್ಲಿ ಹೋಯಿತು ಅನ್ನೋದಷ್ಟೇ ಹುಡುಕಬೇಕಾದ್ದು.

ಈಗ ಘಾಟಿ. ಕಾರು, ನಾಲ್ಕು ಜನ, ಡಿಕ್ಕಿಯಲ್ಲಿ ಒಂದಿಷ್ಟು ಸಾಮಾನು ಸೇರಿ 1,200 ಕಿಲೋ ಅಂದುಕೊಳ್ಳಿ. ಘಾಟಿಯ ಬುಡದ ಸೋಮೇಶ್ವರದಿಂದ ಆಗುಂಬೆಗೆ ಏರುವ ಎತ್ತರವನ್ನು ಹೆಚ್ಚುಕಮ್ಮಿ 500 ಮೀಟರ್ ಅಂತ ಹಿಡಿಯೋಣ. ಅಷ್ಟು ಭಾರವನ್ನು ಅಷ್ಟು ಮೇಲಕ್ಕೆ ಎತ್ತಲು ಬೇಕಾದ ಶಕ್ತಿ ಸುಮಾರು 60 ಲಕ್ಷ ಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ 3 ಕೋಟಿ ಜೂಲ್‌ಗೂ ಮೀರಿ ಶಕ್ತಿ ಇದೆ, ಆದರೆ ಎಂಜಿನ್ ಅದರಲ್ಲಿ ಕಾಲು ಭಾಗವನ್ನಷ್ಟೇ ಚಕ್ರಕ್ಕೆ ಕೊಡುತ್ತದೆ. ಉಳಿದದ್ದು ರೇಡಿಯೇಟರ್ ಮತ್ತು ಸೈಲೆನ್ಸರ್ ದಾರಿಯಲ್ಲಿ ಬಿಸಿಯಾಗಿ ಹೋಗುತ್ತದೆ. ಲೆಕ್ಕ ಹಾಕಿದರೆ ಎತ್ತರಕ್ಕಾಗಿಯೇ ಸುಡುವ ಪೆಟ್ರೋಲ್ ಮುಕ್ಕಾಲು ಲೀಟರ್. ಘಾಟಿಯ ಆ ಹತ್ತು ಕಿಲೋಮೀಟರ್ ಸಮತಟ್ಟಾಗಿದ್ದರೂ ಅರ್ಧ ಲೀಟರ್ ಬೇಕಿತ್ತು. ಎರಡೂ ಸೇರಿ ಒಂದೂಕಾಲು. ಅಂದರೆ ಹತ್ತುವಾಗ ಲೀಟರಿಗೆ ಎಂಟು. ಡ್ಯಾಶ್‌ಬೋರ್ಡಿನ ಮೀಟರ್ ನೋಡುತ್ತಾ ಹೋದವರ ಎದೆ ಧಸಕ್ ಅನ್ನುವುದು ಇಲ್ಲೇ.

ಆದರೆ ಹತ್ತಿದ ಕಾರು ಇಳಿಯಲೂ ಬೇಕಲ್ಲ. ಗೇರಿನಲ್ಲಿಟ್ಟು ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆದರೆ, ಈಗಿನ ಇಂಜೆಕ್ಷನ್ ಎಂಜಿನ್‌ಗಳು ಪೆಟ್ರೋಲ್ ಸಿಂಪಡಿಸುವುದನ್ನೇ ನಿಲ್ಲಿಸಿಬಿಡುತ್ತವೆ. ಎಂಜಿನ್ ತಿರುಗುತ್ತಿರುತ್ತದೆ, ಆದರೆ ಅದನ್ನು ತಿರುಗಿಸುತ್ತಿರುವುದು ಚಕ್ರ, ಪೆಟ್ರೋಲ್ ಅಲ್ಲ. ಆ ಹೊತ್ತಿನ ಮೈಲೇಜ್ ತೋರಿಸುವ ಪರದೆ ಇದ್ದರೆ ಅಂಕಿ ಸರ್ರನೆ 99ಕ್ಕೆ ಹಾರಿ ಅಲ್ಲೇ ಕೂತುಬಿಡುತ್ತದೆ. ಎಂಜಿನ್ ಸುತ್ತು ಸಾವಿರದ ಚಿಲ್ಲರೆಗೆ ಇಳಿದ ಮೇಲಷ್ಟೇ, ಎಂಜಿನ್ ಆರಿಹೋಗಬಾರದಲ್ಲ ಅಂತ, ಮತ್ತೆ ತೊಟ್ಟಿಕ್ಕಲು ಶುರು. ಹಾಗಾಗಿ ಹತ್ತಿ ಇಳಿದ ಇಪ್ಪತ್ತು ಕಿಲೋಮೀಟರಿಗೂ ಸೇರಿ ಖರ್ಚು ಒಂದೂಕಾಲಕ್ಕಿಂತ ಒಂಚೂರು ಜಾಸ್ತಿ. ಸರಾಸರಿ 15ರ ಹತ್ತಿರ ನಿಲ್ಲುತ್ತದೆ. ನೋಡಿ, ಅಷ್ಟು ಬೈಸಿಕೊಳ್ಳುವ ಘಾಟಿ ನಿಮ್ಮ ತಿಂಗಳ ಸರಾಸರಿಗಿಂತ ಮೇಲೇ ಇದೆ.

ನ್ಯೂಟ್ರಲ್ ವಿಷಯಕ್ಕೂ ಉತ್ತರ ಇಲ್ಲೇ ಸಿಕ್ಕಿತು. ನ್ಯೂಟ್ರಲ್ ಮಾಡಿದ ಕೂಡಲೇ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ಕಡಿಯುತ್ತದೆ. ಎಂಜಿನ್ ತನ್ನ ಜೀವ ಹಿಡಿದುಕೊಳ್ಳಲು ಪೆಟ್ರೋಲ್ ಕುಡಿಯಲೇಬೇಕು, ಸಣ್ಣ ಕಾರಿಗೆ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಆಗುಂಬೆ ಇಳಿಯುವ ಇಪ್ಪತ್ತು-ಇಪ್ಪತ್ತೈದು ನಿಮಿಷದಲ್ಲಿ ಕಾಲು ಲೀಟರ್ ಹತ್ತಿರ ಹೋಯಿತು. ಗೇರಿನಲ್ಲಿದ್ದರೆ ಹೆಚ್ಚುಕಡಿಮೆ ಸೊನ್ನೆ. ಇಂಜೆಕ್ಷನ್ ಬರುವ ಮುಂಚಿನ ಕಾರ್ಬ್ಯುರೇಟರ್ ಕಾಲದಲ್ಲಿ ಜೀಪ್ ಓಡಿಸಿದ ಹಿರಿಯರು ಕಲಿಸಿಕೊಟ್ಟ ಈ ಉಳಿತಾಯ ಈಗ ನಷ್ಟದ ಬಾಬತ್ತು. ದುಡ್ಡಿನ ಮಾತು ಬಿಡಿ: 14 ಹೇರ್‌ಪಿನ್ ತಿರುವಿಗೂ ಬರೀ ಬ್ರೇಕನ್ನೇ ನಂಬಿ ಇಳಿದರೆ ಕೊನೆಕೊನೆಗೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಇನ್ನು ಕೀ ತಿರುಗಿಸಿ ಎಂಜಿನ್ನನ್ನೇ ಆಫ್ ಮಾಡಿ ಇಳಿಯುವವರೂ ಇದ್ದಾರೆ. ಅವರ ಪಕ್ಕದ ಸೀಟಿನಲ್ಲಿ ನಾನಂತೂ ಕೂರುವುದಿಲ್ಲ. ಎಂಜಿನ್ ನಿಂತರೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎರಡು-ಮೂರು ತುಳಿತಕ್ಕೆ ಖಾಲಿ, ಪವರ್ ಸ್ಟೀರಿಂಗ್ ಕಲ್ಲು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಅನ್ನುವ ಹಳೇ ಮಾತು ಮಾತ್ರ ಇವತ್ತಿಗೂ ಸರಿ.

ಹತ್ತುವಾಗ ಗೇರ್ ಯಾವುದು ಅಂತ ತುಂಬ ತಲೆ ಕೆಡಿಸಿಕೊಳ್ಳಬೇಡಿ. ಎತ್ತರ ಕೇಳುವ ಪೆಟ್ರೋಲನ್ನು ಅದು ಕೇಳಿಯೇ ಕೇಳುತ್ತದೆ. ಮೂರನೇ ಗೇರಿನಲ್ಲಿ ಕಾರು ಗುಡುಗುಡು ನಡುಗುತ್ತಿದ್ದರೂ ಎರಡಕ್ಕೆ ಇಳಿಸದೆ ಒತ್ತುತ್ತಾ ಹೋದರೆ ಉಳಿಯುವುದು ಏನೂ ಇಲ್ಲ, ಎಂಜಿನ್ನಿಗೆ ಹಿಂಸೆ ಅಷ್ಟೆ.

ಇನ್ನು ಶಿವಮೊಗ್ಗ ದಾರಿ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್, ತೀರ್ಥಹಳ್ಳಿ ಸುಮಾರು 590. ಅರವತ್ತು ಚಿಲ್ಲರೆ ಕಿಲೋಮೀಟರಿಗೆ ನಿವ್ವಳ ಏರು ಇಪ್ಪತ್ತು ಮೀಟರ್, ಎರಡು ತೆಂಗಿನಮರದಷ್ಟು! ಇಲ್ಲಿ ಗುಡ್ಡವನ್ನು ದೂರುವಂತೆಯೇ ಇಲ್ಲ. ಹಾಗಾದರೆ ಮೈಲೇಜ್ ತಿನ್ನುವುದು ಯಾವುದು? ಬ್ರೇಕ್. 50ರಲ್ಲಿ ಹೋಗುತ್ತಿದ್ದ ಅದೇ 1,200 ಕಿಲೋ ಕಾರನ್ನು ನಿಲ್ಲಿಸಿ ಮತ್ತೆ 50ಕ್ಕೆ ತರಲು ಸುಮಾರು 15 ಮಿಲಿಲೀಟರ್ ಪೆಟ್ರೋಲ್ ಬೇಕು, ಮೂರು ಟೀ ಚಮಚ. 80ರಿಂದ ನಿಲ್ಲಿಸಿ ಮತ್ತೆ 80 ಮುಟ್ಟಿಸಿದರೆ ಏಳು ಚಮಚಕ್ಕೂ ಮೀರಿತು. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಅಂತ ಊರು ಬಂದಂತೆಲ್ಲ ಉಬ್ಬು. ನಡುವೆ ಬಸ್ಸಿನ ಹಿಂದೆ ತೂಗಾಟ. ಖಾಲಿ ಸಿಕ್ಕ ಕೂಡಲೇ ತುಳಿತ, ತಿರುವಿಗೆ ಬಂದು ಬ್ರೇಕ್. ಪ್ರತಿ ಬ್ರೇಕಿಗೂ ಚಮಚ ಎಣಿಸಿ ನೋಡಿ. ಒಮ್ಮೆ ಶಿವಮೊಗ್ಗಕ್ಕೆ ಹೋಗುವಾಗ ನಾನು ಹಾಗೆ ಎಣಿಸಲು ಕೂತೆ. ಮಂಡಗದ್ದೆ ದಾಟುವಷ್ಟರಲ್ಲಿ ಲೆಕ್ಕ ತಪ್ಪಿತು, ಆದರೆ ಉಬ್ಬು ದೂರದಲ್ಲಿ ಕಂಡ ಕೂಡಲೇ ಕಾಲು ತಾನಾಗಿ ಆಕ್ಸಿಲರೇಟರ್ ಬಿಡುವ ಅಭ್ಯಾಸ ಹತ್ತಿತು. ಊರು ತಲುಪಲು ತಡವಾದದ್ದು ಐದು ನಿಮಿಷವೂ ಅಲ್ಲ.

ಶಿವಮೊಗ್ಗದಿಂದಾಚೆ ಭದ್ರಾವತಿ, ತರೀಕೆರೆ ಕಡೆ ಅಗಲ ರಸ್ತೆ ಸಿಕ್ಕಾಗ ಕಥೆ ಬೇರೆ. ಅಲ್ಲಿ ಎದುರಾಳಿ ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಕ್ಯಾರಿಯರ್ ಮೇಲೆ ಬಾಳೆಗೊನೆ, ಅಡಿಕೆ ಮೂಟೆ ಕಟ್ಟಿದ್ದರೆ ಕೇಳುವುದೇ ಬೇಡ. ಖಾಲಿ ಕ್ಯಾರಿಯರ್ ಕೂಡ ಗಾಳಿ ಹಿಡಿಯುತ್ತದೆ, ವರ್ಷಪೂರ್ತಿ ಹೊತ್ತು ತಿರುಗುವ ಅಗತ್ಯ ಇಲ್ಲ.

ಈಗ ಆ ಮೂರು ಕಿಲೋಮೀಟರ್. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮೀಟರಿನಲ್ಲಿ ಒಂದು ನೀಲಿ ದೀಪ ಹೊತ್ತಿಕೊಳ್ಳುತ್ತದಲ್ಲ, ಥರ್ಮಾಮೀಟರ್ ಚಿತ್ರದ್ದು? (ಕೆಲವು ಕಾರಿನಲ್ಲಿ ದೀಪದ ಬದಲು ಸೂಜಿ.) ಎಂಜಿನ್ ಇನ್ನೂ ತಣ್ಣಗಿದೆ ಅಂತ ಅದರ ಅರ್ಥ. ತಣ್ಣಗಿರುವಾಗ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಅದಕ್ಕೇ ಎಂಜಿನ್ನಿನ ಕಂಪ್ಯೂಟರ್ ಹೆಚ್ಚು ಸುರಿಯುತ್ತದೆ. ಆಯಿಲ್ ಗಟ್ಟಿ, ಗೇರ್‌ಬಾಕ್ಸ್ ಆಯಿಲ್ ಇನ್ನೂ ಗಟ್ಟಿ, ಎಲ್ಲವೂ ಎಳೆದು ಹಿಡಿದ ಹಾಗೆ. ಮಾಗಿಯ ಬೆಳಗಿನಲ್ಲಿ ನೋಡಿ, ಆ ದೀಪ ಆರುವ ಹೊತ್ತಿಗೆ ನೀವು ಶಾಲೆ ಗೇಟಿನಲ್ಲಿರುತ್ತೀರಿ. ಮಕ್ಕಳನ್ನು ಇಳಿಸಿ, ಪೇಟೆಯಲ್ಲಿ ಒಂದು ಗಂಟೆ ಕೆಲಸ ಮುಗಿಸಿ ಬರುವಷ್ಟರಲ್ಲಿ ಎಂಜಿನ್ ತಣ್ಣಗಾಗಿರುತ್ತದೆ, ಮತ್ತೆ ಶುರುವಿನಿಂದ. ನಿಮ್ಮ ಕಾರು ದಿನನಿತ್ಯದ ಓಡಾಟದಲ್ಲಿ ಪೂರ್ತಿ ಬಿಸಿಯಾಗುವುದೇ ಅಪರೂಪ. ಸಾಲದ್ದಕ್ಕೆ ತೋಟದಿಂದ ಡಾಂಬರಿನವರೆಗೆ ಜಂಬಿಟ್ಟಿಗೆ ಮಣ್ಣಿನ ರಸ್ತೆ ಇದ್ದರೆ (ಇದ್ದೇ ಇರುತ್ತದೆ), ಮಳೆಗಾಲದ ಕೆಸರಿನಲ್ಲಿ ಚಕ್ರ ಉರುಳಲು ಬೇಕಾದ ಬಲ ಡಾಂಬರಿನ ಎರಡು ಪಟ್ಟಿಗೂ ಮೀರುತ್ತದೆ. ಈ ಮೂರು ಕಿಲೋಮೀಟರಿನಲ್ಲಿ ಲೀಟರಿಗೆ ಒಂಬತ್ತು-ಹತ್ತು ಬಂದರೂ ನನಗೆ ಆಶ್ಚರ್ಯವಿಲ್ಲ.

ಹಾಗಂತ ಅಂಗಳದಲ್ಲಿ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟು ಕಾಯಿಸುವುದು ಪರಿಹಾರ ಅಲ್ಲ. ಅದು ತಿಂಗಳಿಗೆ ಎರಡು ಲೀಟರ್ ಸುಡುವ ಬೇರೆ ದಾರಿ. ಅರ್ಧ ನಿಮಿಷ ಸಾಕು, ಆಮೇಲೆ ಮೆತ್ತಗೆ ಓಡಿಸುತ್ತಲೇ ಕಾಯಿಸಿ. ಹಾಲು, ದಿನಸಿ, ಸೊಸೈಟಿ ಕೆಲಸವನ್ನೆಲ್ಲ ಶಾಲೆಯ ಒಂದೇ ಓಡಾಟಕ್ಕೆ ಸೇರಿಸಿಕೊಂಡರೆ ಮೈಲೇಜಿನ ಅಂಕಿ ಏರುವುದಕ್ಕಿಂತ ಹೆಚ್ಚಾಗಿ ತಿಂಗಳ ಲೀಟರ್ ಇಳಿಯುತ್ತದೆ, ಬೇಕಾದ್ದೂ ಅದೇ ತಾನೆ?

ಮಳೆಗಾಲದ ಇನ್ನೊಂದು ಖರ್ಚು ನಮ್ಮ ಕಡೆಯವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ‘ನಾನು ಏಸಿ ಹಾಕೋದೇ ಇಲ್ಲ ಮಾರಾಯ್ರೆ’ ಅಂತಾರೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆ ಮಳೆಯಲ್ಲಿ ಗಾಜಿನ ಒಳಗೆ ಮಬ್ಬು ಕಟ್ಟಿದಾಗ ಮುಂಗಾಜಿನ ಗುಂಡಿ ಒತ್ತುತ್ತೀರಲ್ಲ, ಬಹಳಷ್ಟು ಕಾರುಗಳಲ್ಲಿ ಆಗ ಏಸಿ ಕಂಪ್ರೆಸರ್ ತಾನಾಗಿ ಚಾಲೂ ಆಗುತ್ತದೆ. ಗಾಳಿಯ ಪಸೆ ಹೀರಬೇಕಾದರೆ ಅದೇ ಬೇಕು. ಇದನ್ನು ಉಳಿಸಲು ಮಾತ್ರ ಹೋಗಬೇಡಿ, ದಾರಿ ಕಾಣುವುದು ಮುಖ್ಯ.

ಮಳೆಗಾಲದ್ದೇ ನನ್ನ ಒಂದು ಪ್ರಸಂಗ. ಆಟಿಯಲ್ಲಿ ನಾಲ್ಕು ದಿನ ಕಾರು ಶೆಡ್ಡಿನಲ್ಲೇ ನಿಂತಿತ್ತು, ಹ್ಯಾಂಡ್‌ಬ್ರೇಕ್ ಎಳೆದು. ಹೊರಡುವಾಗ ಹಿಂದಿನಿಂದ ‘ಟಕ್’ ಅಂತ ಸದ್ದಾಯಿತು, ಕಾರು ಮುಂದೆ ಹೋಯಿತು, ನಾನೂ ಮರೆತೆ. ಆ ಟ್ಯಾಂಕಿನಲ್ಲಿ 16 ಇದ್ದದ್ದು 12ಕ್ಕೆ ಬಂತು. ಗ್ಯಾರೇಜಿನಲ್ಲಿ ಫಿಲ್ಟರ್ ಬದಲಾಯಿಸಿದರು, ಪ್ಲಗ್ ಬದಲಾಯಿಸಿದರು, ಬಿಲ್ ಕೊಟ್ಟರು, ಮೈಲೇಜ್ ಬದಲಾಗಲಿಲ್ಲ. ಕೊನೆಗೆ ಪೇಟೆಯಿಂದ ಬಂದು ನಿಲ್ಲಿಸಿದವನು ಸುಮ್ಮನೆ ನಾಲ್ಕೂ ಚಕ್ರದ ಹತ್ತಿರ ಅಂಗೈಯ ಹಿಂಭಾಗ ಹಿಡಿದು ನೋಡಿದೆ. ಮೂರು ಬೆಚ್ಚಗೆ. ಹಿಂದಿನ ಎಡಗಡೆಯದ್ದರಿಂದ ಕಾವಲಿಯ ಹಾಗೆ ಝಳ ಬರುತ್ತಿತ್ತು, ಜೊತೆಗೆ ಸುಟ್ಟ ರಬ್ಬರಿನಂಥ ವಾಸನೆ. ಡ್ರಮ್ ಒಳಗೆ ತುಕ್ಕು ಹಿಡಿದು ಬ್ರೇಕ್ ಶೂ ಅಂಟಿಕೊಂಡೇ ಇತ್ತು. ಅಷ್ಟು ದಿನವೂ ನಾನು ಬ್ರೇಕ್ ತುಳಿದುಕೊಂಡೇ ಓಡಿಸಿದ ಹಾಗೆ. ಈಗ ಮಳೆಗಾಲದಲ್ಲಿ ಸಮತಟ್ಟಾದ ಶೆಡ್ಡಿನಲ್ಲಿ ಬಹಳ ದಿನ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡುತ್ತೇನೆ.

ಏರ್ ಫಿಲ್ಟರ್ ಕಥೆಯೂ ಕಾರ್ಬ್ಯುರೇಟರ್ ಕಾಲದ್ದೇ. ಈಗಿನ ಪೆಟ್ರೋಲ್ ಕಾರಿನಲ್ಲಿ ಫಿಲ್ಟರ್ ಕೊಳೆಯಾದರೆ ಕಾರಿನ ಓಟ ಮಂದವಾಗುತ್ತದೆ, ಮೈಲೇಜ್ ಅಷ್ಟಾಗಿ ಬೀಳುವುದಿಲ್ಲ. ಬರುವ ಗಾಳಿಯನ್ನು ಅಳೆದೇ ಕಂಪ್ಯೂಟರ್ ಪೆಟ್ರೋಲ್ ಕೊಡುತ್ತದೆ. ಟೈರ್ ಗಾಳಿ ಹಾಗಲ್ಲ, ಅದನ್ನು ಹದಿನೈದು ದಿನಕ್ಕೊಮ್ಮೆ ನೋಡಲೇಬೇಕು, ಅದೂ ಟೈರ್ ತಣ್ಣಗಿರುವಾಗ. ಮಳೆಗಾಲದ ಗುಂಡಿ ಹಾರಿಸಿದ ಮೇಲೆ ಅಲೈನ್‌ಮೆಂಟ್ ಕೂಡ. ದುಬಾರಿ ಪೆಟ್ರೋಲ್ ಹಾಕಿಸಿದರೆ ಮೈಲೇಜ್ ಬರುತ್ತಾ ಅಂತ ಕೇಳುವವರಿಗೆ: ಕಾರಿನ ಕೈಪಿಡಿ ಕೇಳದಿದ್ದರೆ ಬೇಡ.

ಪೆಟ್ರೋಲಿಗೆ ಬೆರೆಸುವ ಎಥನಾಲ್ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಲೀಟರ್ ಲೆಕ್ಕದಲ್ಲಿ ಎಥನಾಲ್‌ನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಮ್ಮಿ. ಶೇ 20 ಬೆರೆಸಿದರೆ ಒಟ್ಟು ಶಕ್ತಿ ಶೇ 6-7 ಇಳಿಯುತ್ತದೆ. ಮೊದಲು ಶೇ 10 ಬೆರೆಸುತ್ತಿದ್ದುದಕ್ಕೆ ಹೋಲಿಸಿದರೆ ಅದರ ಅರ್ಧ. ಹಳೆಯ ಕಾರುಗಳಿಗೆ ಶೇ 6-7ರಷ್ಟು ಇಳಿಕೆ ಆಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಅಂದರೆ 22ರಲ್ಲಿ ಒಂದೂವರೆ. ನಿಮ್ಮ ಎಂಟು ಕಿಲೋಮೀಟರಿನ ಕೊರತೆಯನ್ನೆಲ್ಲ ಅದರ ತಲೆಗೆ ಕಟ್ಟಲಾಗದು.

ಅಂದಹಾಗೆ ಆ 14 ಅನ್ನು ಅಳೆದದ್ದು ಹೇಗೆ? ಪರದೆ ನೋಡಿಯೋ, ಪೆಟ್ರೋಲ್ ಮುಳ್ಳು ನೋಡಿಯೋ ಆಗಿದ್ದರೆ ಇನ್ನೊಮ್ಮೆ ಅಳೆಯಿರಿ. ಒಂದೇ ಬಂಕು, ಸಾಧ್ಯವಾದರೆ ಒಂದೇ ಪಂಪು. ನಾಝಲ್ ತಾನಾಗಿ ಕಟ್ ಆಗುವವರೆಗೆ ತುಂಬಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುನ್ನೂರು ಕಿಲೋಮೀಟರ್ ಆದ ಮೇಲೆ ಅಲ್ಲೇ ಅದೇ ರೀತಿ ತುಂಬಿಸಿ, ಓಡಿದ ದೂರವನ್ನು ಹಿಡಿದ ಲೀಟರಿನಿಂದ ಭಾಗಿಸಿ. ಉಡುಪಿಗೆ ಹೋದ ಟ್ಯಾಂಕನ್ನೂ ಶಾಲೆಯ ಟ್ಯಾಂಕನ್ನೂ ಬೇರೆ ಬೇರೆ ಬರೆದಿಡಿ. ಮುಳ್ಳನ್ನಂತೂ ನಂಬಲೇಬೇಡಿ: ಅದನ್ನು ಆಡಿಸುವುದು ಟ್ಯಾಂಕಿನೊಳಗೆ ತೇಲುವ ಬುರುಡೆ, ನಮ್ಮ ಅಂಗಳಗಳೆಲ್ಲ ಇಳಿಜಾರು. ನಮ್ಮ ಮನೆಯಲ್ಲಿ ಮೂತಿ ಗದ್ದೆ ಕಡೆ ಮಾಡಿ ನಿಲ್ಲಿಸಿದರೆ ಕಾಲು ಟ್ಯಾಂಕ್, ತಿರುಗಿಸಿ ನಿಲ್ಲಿಸಿದರೆ ಅರ್ಧ.